ಎಲ್ಲ ಧರ್ಮಗಳ ವ್ರತ ನೆನಪಿಸುವ ಆ್ಯಪ್: 5ಕ್ಕೆ 3 ಸ್ಟಾರ್

ಆಫೀಸಿನಲ್ಲಿ ಪಾಳಿ ಪಟ್ಟಿ ಹಾಕುವವಳು ನಾನು. ಯಾರಿಗೆ ಯಾವಾಗ ಉಪವಾಸ, ಯಾವಾಗ ಪ್ರಾರ್ಥನೆ ಎಂದು ತಿಳಿಯಲಿ ಅಂತ ಈ ಆ್ಯಪ್ ಹಾಕಿಕೊಂಡೆ. ಎಂಟು ತಿಂಗಳಾಯಿತು.

ನಮಾಜಿನ ಭಾಗ ಚೆನ್ನಾಗಿದೆ. 5 ಹೊತ್ತಿನ ಸಮಯವೂ ಸೂರ್ಯನ ಲೆಕ್ಕದಲ್ಲೇ ಬದಲಾಗುತ್ತದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುವುದನ್ನೂ ಸರಿಯಾಗಿ ತೋರಿಸುತ್ತದೆ.

ಎಡವಿದ್ದು ಯಹೂದಿಗಳು ಕೆಲಸ ಮಾಡದ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ. ಅದು ಶುರುವಾಗುವುದು ಶುಕ್ರವಾರ ಸಂಜೆ, ಹೊತ್ತು ಮುಳುಗುವ ಮುಂಚೆ. ಆ್ಯಪ್ ಶನಿವಾರ ಬೆಳಿಗ್ಗೆ ಎನ್ನುತ್ತದೆ! ಅದನ್ನು ನಂಬಿ ಒಬ್ಬರಿಗೆ ಶುಕ್ರವಾರ ರಾತ್ರಿ ಪಾಳಿ ಹಾಕಿದೆ. ಆಮೇಲೆ ಕ್ಷಮೆ ಕೇಳಿದ್ದು ನಾನು, ಆ್ಯಪ್ ಅಲ್ಲ.

ಇನ್ನೊಂದು ಕಿರಿಕಿರಿ, 'ಕಷ್ಟದ ಅಂಕ'. ಪ್ರತಿ ಧರ್ಮಕ್ಕೂ 10ಕ್ಕೆ ಇಷ್ಟು ಅಂತ ಕೊಡುತ್ತದೆ. ಹಿಂದೂಗಳಿಗೆ 4 ಅಂತೆ. ನಿರ್ಜಲ ಏಕಾದಶಿಗೆ ಹನಿ ನೀರೂ ಮುಟ್ಟದ ನಮ್ಮತ್ತೆಗೆ ಹೇಳಲಿ ನೋಡೋಣ! ನಾನಂತೂ ಮಧ್ಯಾಹ್ನಕ್ಕೇ ಸೋಲುತ್ತೇನೆ. ಕ್ರೈಸ್ತರಿಗೆ ಬರೀ 3. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ವರ್ಷಕ್ಕೆ 180ಕ್ಕೂ ಜಾಸ್ತಿ ಉಪವಾಸದ ದಿನಗಳಿವೆ, ಅದು ಲೆಕ್ಕಕ್ಕೇ ಇಲ್ವಾ? ಕಷ್ಟ ಇರುವುದು ಧರ್ಮದಲ್ಲೋ, ಪಾಲಿಸುವವರಲ್ಲೋ?

ಈ ಅಂಕ ಮರೆಮಾಡುವ ಬಟನ್ ಸೆಟ್ಟಿಂಗ್ಸ್‌ನ ತೀರಾ ಕೆಳಗಿದೆ. ಮೊದಲು ಅದನ್ನು ಒತ್ತಿ.