ಗುಳೆಯ ಸುದ್ದಿ ಬರೆಯುವವರಿಗೆ ಮೂರು ದಿನಗಳ ಪಾಠ: ಒಂದು ತರಬೇತಿ ಶಿಬಿರದ ವಿಮರ್ಶೆ

ಹವಾಮಾನದ ಏರುಪೇರಿನಿಂದಾಗಿ ಊರು ಬಿಡುವವರ ಬಗ್ಗೆ ನೈತಿಕ ಎಚ್ಚರದಿಂದ ವರದಿ ಮಾಡುವುದು ಹೇಗೆಂದು ಪತ್ರಕರ್ತರಿಗೆ ಕಲಿಸುವ ಮೂರು ದಿನಗಳ ಶಿಬಿರವೊಂದು ಕಲಬುರಗಿಯಲ್ಲಿ ನಡೆಯಿತು. ಶುಲ್ಕವಿರಲಿಲ್ಲ, ಊಟ ಮತ್ತು ವಸತಿಯ ವ್ಯವಸ್ಥೆಯನ್ನು ಸಂಘಟಕರೇ ಮಾಡಿದ್ದರು. ಮತ್ತೆ ನಡೆದರೆ ಹೋಗಬೇಕೇ ಎಂದು ಕೇಳುವವರಿಗೆ, ಹೋಗಲೇಬೇಕು ಎಂಬುದು ನನ್ನ ಉತ್ತರ. ಆದರೆ ಶಿಬಿರದ ಕೊರತೆಗಳೂ ಸಣ್ಣವಲ್ಲ.

ನಾನು ಅಲ್ಲಿಗೆ ಹೋದದ್ದಕ್ಕೆ ಒಂದು ಹಳೆಯ ತಪ್ಪು ಕಾರಣ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ, ಗಂಟುಮೂಟೆ ಸಮೇತ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಒಬ್ಬ ತಾಯಿ ಮತ್ತು ಮಗುವಿನ ಚಿತ್ರವನ್ನು ತೆಗೆದು ನಾನು ಪತ್ರಿಕೆಗೆ ಕಳುಹಿಸಿದ್ದೆ. ಚಿತ್ರದ ಕೆಳಗೆ ಊರಿನ ಹೆಸರೂ ಅಚ್ಚಾಯಿತು. ವಾರದ ಬಳಿಕ ಅದೇ ಊರಿಗೆ ಹೋದಾಗ ಆಕೆಯ ಅತ್ತೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಪೇಪರಿನ್ಯಾಗ ಸೊಸಿ ಫೋಟೊ ನೋಡಿ ಸಾಲ ಕೊಟ್ಟಾಂವ ಮನಿ ಮುಂದ ಬಂದು ಕುಂತಿದ್ದ, ಯಪ್ಪಾ." ಸಾಲ ಕೊಟ್ಟವನ ಕಣ್ಣು ತಪ್ಪಿಸಿ ದುಡಿಯಲು ಹೋದವರನ್ನು ನಾನೇ ಹಿಡಿದುಕೊಟ್ಟಂತಾಗಿತ್ತು.

ಮೊದಲ ದಿನವನ್ನು ಪದಗಳಿಗೆ ಮೀಸಲಿಟ್ಟದ್ದು ಸರಿಯಾದ ಆರಂಭವೆನಿಸಿತು. 'ಹವಾಮಾನ ನಿರಾಶ್ರಿತರು' ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಆದರೆ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಿಗಾಗಿ ಕಿರುಕುಳದ ಭಯದಿಂದ ದೇಶ ಬಿಟ್ಟವರನ್ನು ಮಾತ್ರ ನಿರಾಶ್ರಿತರೆಂದು ಗುರುತಿಸುತ್ತದೆ. ಬರ, ನೆರೆ, ಕಡಲ ಏರಿಕೆ ಅದರಲ್ಲಿಲ್ಲ. ಪೆಸಿಫಿಕ್ ಸಾಗರದ ಕಿರಿಬಾಟಿ ದ್ವೀಪರಾಷ್ಟ್ರದಿಂದ ನ್ಯೂಜಿಲೆಂಡಿಗೆ ಹೋಗಿ, ಕಡಲ ಏರಿಕೆಯ ಕಾರಣ ಕೊಟ್ಟು ಆಶ್ರಯ ಕೇಳಿದ ಇಯೋನೆ ಟೈಟಿಯೋಟಾ ಅವರ ಪ್ರಕರಣವನ್ನು ಅಲ್ಲಿ ವಿವರವಾಗಿ ಬಿಡಿಸಿ ಹೇಳಿದರು. ಅವರನ್ನು ವಾಪಸು ಕಳುಹಿಸಿದ್ದು ತಪ್ಪಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳಿತು. ಆದರೆ ಹವಾಮಾನ ಬದಲಾವಣೆಯಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಜನರನ್ನು ದಬ್ಬುವುದು ಹಕ್ಕಿನ ಉಲ್ಲಂಘನೆ ಆಗಬಹುದೆಂದೂ ಹೇಳಿತು. 2020ರ ಜನವರಿಯಲ್ಲಿ ಪ್ರಕಟವಾದ ಈ ತೀರ್ಮಾನದ ಎರಡನೆಯ ಅರ್ಧವನ್ನಷ್ಟೇ ತಲೆಬರಹ ಮಾಡಿದರೆ ಓದುಗನಿಗೆ ಸುಳ್ಳು ಹೇಳಿದಂತೆಯೇ ಸರಿ.

ಕನ್ನಡದ ಪದಗಳ ಬಗ್ಗೆ ಮಾತ್ರ ತರಬೇತುದಾರರ ಸಿದ್ಧತೆ ಸಾಲದು. ಎಲ್ಲಕ್ಕೂ 'ವಲಸೆ' ಎಂದು ಬರೆಯಲು ಅವರು ಸೂಚಿಸಿದಾಗ ನಮ್ಮಲ್ಲಿ ಹಲವರು ಒಪ್ಪಲಿಲ್ಲ. ಸುಗ್ಗಿ ಮುಗಿಸಿ ಹೋಗಿ ಮುಂಗಾರಿಗೆ ಮರಳುವವರದು ಗುಳೆ. 2009ರ ನೆರೆಯ ನಂತರ ಸರ್ಕಾರದ 'ಆಸರೆ' ಯೋಜನೆಯ ಮನೆಗಳಿಗೆ ಹೋದವರದು ಸ್ಥಳಾಂತರ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ತೊರೆದವರ ಸಂಕಟ ಇನ್ನೊಂದೇ ಬಗೆಯದು. ಇಷ್ಟು ಸ್ಪಷ್ಟವಾದ ಮಾತುಗಳನ್ನು ಜನರೇ ಬಳಸುತ್ತಿರುವಾಗ ಅವನ್ನೆಲ್ಲ ಒಂದೇ ಪದದೊಳಗೆ ತುರುಕಿದರೆ ವರದಿ ಮಸುಕಾಗುತ್ತದೆ. ಕೊನೆಗೆ ಅವರೂ ಒಪ್ಪಿದರೆಂಬುದನ್ನು ಇಲ್ಲಿ ದಾಖಲಿಸಬೇಕು.

ಅಂಕಿ ಅಂಶಗಳ ಪಾಠ ಚೆನ್ನಾಗಿತ್ತು. 2050ರ ಹೊತ್ತಿಗೆ 21.6 ಕೋಟಿ ಜನ ವಲಸೆ ಹೋಗುತ್ತಾರೆಂದು ವಿಶ್ವಬ್ಯಾಂಕಿನ 2021ರ ವರದಿಯನ್ನು ಉಲ್ಲೇಖಿಸಿ ಬರೆಯುವವರು, ಅದು ಗರಿಷ್ಠ ಅಂದಾಜು ಎಂಬುದನ್ನೂ, ಅಲ್ಲಿ ಹೇಳಿರುವುದು ತಮ್ಮ ದೇಶದೊಳಗೇ ಜಾಗ ಬದಲಿಸುವವರ ಸಂಖ್ಯೆ ಎಂಬುದನ್ನೂ ಬಿಟ್ಟುಬಿಡುತ್ತಾರೆ. ಹಾಗೆಯೇ ವಿಕೋಪಗಳಿಂದಾದ ಆಂತರಿಕ ಸ್ಥಳಾಂತರದ ವಾರ್ಷಿಕ ಲೆಕ್ಕಗಳು ಎಣಿಸುವುದು ತಲೆಗಳನ್ನಲ್ಲ, ಸಲಗಳನ್ನು. ಒಬ್ಬನೇ ಮೂರು ಬಾರಿ ಮನೆ ಬಿಟ್ಟರೆ ಅದು ಮೂರು.

ಕಾರಣದ ಪ್ರಶ್ನೆ ಇನ್ನೂ ಕಷ್ಟದ್ದು. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತಕ್ಕೆ ಕಾರಣವಾದ ಮಳೆಯ ತೀವ್ರತೆ ಹವಾಮಾನ ಬದಲಾವಣೆಯಿಂದ ಸುಮಾರು ಶೇಕಡಾ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತ್ತು. ಆದರೆ ರಾಯಚೂರು, ಯಾದಗಿರಿಯ ಗುಳೆಗೆ ಅಂಥ ಒಂದು ಸಂಖ್ಯೆಯನ್ನು ಅಂಟಿಸಲಾಗದು. ಬತ್ತಿದ ಬೋರ್‌ವೆಲ್, ಅದಕ್ಕೆ ಮಾಡಿದ ಸಾಲ, ಕಾಲುವೆಯ ಕೊನೆಭಾಗಕ್ಕೆ ತಲುಪದ ನೀರು, ಉದ್ಯೋಗ ಖಾತ್ರಿಯ ಬಾಕಿ ಕೂಲಿ, ಕೂಲಿಯಾಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡ ಎಲ್ಲವೂ ಹೆಣೆದುಕೊಂಡಿರುತ್ತವೆ. ಮಳೆಯೊಂದರ ಮೇಲೇ ಹೊರೆ ಹಾಕಿದರೆ ಉಳಿದ ಹೊಣೆಗಾರರೆಲ್ಲ ನಮ್ಮ ಬರವಣಿಗೆಯಿಂದಲೇ ಪಾರಾಗುತ್ತಾರೆ.

ಶಿಬಿರದ ಜೀವಾಳವೆಂದರೆ ಒಪ್ಪಿಗೆಯ ಅಭ್ಯಾಸ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ವರದಿಗಾರರಾಗಿ, ಇನ್ನೊಬ್ಬರು ಊರು ಬಿಡುತ್ತಿರುವವರಾಗಿ ಮಾತನಾಡುವಂತೆ ಮಾಡಿದರು. "ಫೋಟೊ ತೆಗೆಯಲೇ?" ಎಂದು ಕೇಳಿ ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ಭಾವಿಸುವುದೇ ನಮ್ಮ ರೂಢಿ. ಈ ಚಿತ್ರ ಮೊಬೈಲಿನಲ್ಲಿ ಊರಿನವರಿಗೂ ಮೇಸ್ತ್ರಿಗೂ ಕಾಣಿಸುತ್ತದೆ, ಬಹುಕಾಲ ಉಳಿಯುತ್ತದೆ, ನಾಳೆ ಬೇಡವೆನಿಸಿದರೆ ಇಂಥ ಸಂಖ್ಯೆಗೆ ಕರೆ ಮಾಡಿ, ನೀವು ಹೇಳಿದ್ದನ್ನು ಒಮ್ಮೆ ಓದಿ ಹೇಳುತ್ತೇನೆ ಎಂದು ವಿವರಿಸಲು ಐದು ನಿಮಿಷ ಸಾಕಾಯಿತು. ಊರು ಬಿಡುವವಳ ಜಾಗದಲ್ಲಿ ಕುಳಿತು ಆ ಪ್ರಶ್ನೆಗಳನ್ನು ಕೇಳಿಸಿಕೊಂಡಾಗ, ಬಸ್ಸಿನ ಮೆಟ್ಟಿಲ ಮೇಲಿದ್ದ ಆ ತಾಯಿಗೆ ನಾನು ಐದು ನಿಮಿಷವನ್ನೂ ಕೊಡಲಿಲ್ಲವಲ್ಲ ಎಂದು ಗಂಟಲು ಕಟ್ಟಿತು.

ಇನ್ನು ಕೊರತೆಗಳು. ಹಂಚಿದ ಕೈಪಿಡಿ ಇಂಗ್ಲಿಷಿನಲ್ಲಿತ್ತು; ಕನ್ನಡದ ಪ್ರತಿಯೆಂದು ಕೊಟ್ಟ ಹಾಳೆಗಳು ಎರಡು ಬಾರಿ ಓದಿದರೂ ಅರ್ಥವಾಗುವಂತಿರಲಿಲ್ಲ. ಗುಳೆ ಹೋಗಿ ಬಂದ ಒಬ್ಬರೂ ನಮಗೆ ಪಾಠ ಹೇಳಲಿಲ್ಲ. ಗುಳೆ ಹೋಗುವವರ ತಾಂಡಾಗಳು ಗಂಟೆಯ ದಾರಿಯಲ್ಲಿದ್ದರೂ ನಾವು ಸಭಾಂಗಣದಿಂದ ಹೊರಗೆ ಕಾಲಿಡಲಿಲ್ಲ. ಸುದ್ದಿಗಿಷ್ಟು ಎಂದು ಸಂಭಾವನೆ ಪಡೆಯುವ ತಾಲ್ಲೂಕು ವರದಿಗಾರ ಅದೇ ಕುಟುಂಬವನ್ನು ಮತ್ತೆ ಹುಡುಕಿ ಹೋಗಲು ಬಸ್ ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಡೆಸ್ಕಿನವರ ಗೈರುಹಾಜರಿ. ತಲೆಬರಹ ಬರೆಯುವವರು, ಚಿತ್ರ ಆರಿಸುವವರು, ಅದರ ಕೆಳಗೆ ಊರಿನ ಹೆಸರು ಸೇರಿಸುವವರು ಅವರು. ನಾನು ಹೆಸರು ಮುಚ್ಚಿಟ್ಟು ಕಳುಹಿಸಿದ್ದು ಅಲ್ಲಿ ಬಯಲಾದರೆ ಈ ಮೂರು ದಿನಗಳ ಕಲಿಕೆ ಯಾರನ್ನೂ ಕಾಪಾಡಲಾರದು.

ಪ್ರತಿ ಪತ್ರಿಕೆಯಿಂದ ವರದಿಗಾರರ ಜೊತೆಗೆ ಒಬ್ಬ ಉಪಸಂಪಾದಕರನ್ನೂ ಕಡ್ಡಾಯವಾಗಿ ಕರೆಯಬೇಕು, ಮುಂದಿನ ಶಿಬಿರವನ್ನು ಗುಳೆಯ ಬಸ್ಸುಗಳು ಹೊರಡುವ ಮೊದಲೇ ನಡೆಸಬೇಕು ಎಂದು ಸಂಘಟಕರಿಗೆ ಬರೆದುಕೊಟ್ಟು ಬಂದಿದ್ದೇನೆ.