ಹಿರಿಯ ಚಾಲಕರಿಗೆಂದು ಮಾರುವ ಕಾರಿನ ಸಾಧನಗಳು: ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಬಾಗಿಲ ಹಿಡಿಕೆ, ತಿರುಗುವ ಕುಶನ್, ಅಗಲ ಕನ್ನಡಿ, ಪೆಡಲ್ ಎತ್ತರಿಸುವ ತುಂಡು, ರಾತ್ರಿ ಹಾಕಿಕೊಳ್ಳುವ ಹಳದಿ ಕನ್ನಡಕ. ವಯಸ್ಸಾದ ಚಾಲಕರಿಗೆ ಎಂದು ಹುಡುಕಿದರೆ ಆನ್‌ಲೈನ್ ಅಂಗಡಿಗಳಲ್ಲಿ ಮೊದಲು ಸಿಗುವುದು ಇವೇ. ಇವನ್ನು ತೂಗಿ ನೋಡಲು ಒಂದು ಪ್ರಶ್ನೆ ಸಾಕು: ಮುಂದೆ ಸ್ಟಿಯರಿಂಗ್ ಬಿಟ್ಟು ಪಕ್ಕದ ಸೀಟಿಗೆ ಬಂದಾಗಲೂ ಇದು ಕೆಲಸಕ್ಕೆ ಬರುತ್ತದೆಯೇ? ಆ ಲೆಕ್ಕದಲ್ಲಿ ಹಿಡಿಕೆ ಎಲ್ಲಕ್ಕಿಂತ ಮೇಲೆ, ಹಳದಿ ಕನ್ನಡಕ ಎಲ್ಲಕ್ಕಿಂತ ಕೆಳಗೆ.

ಹಿಡಿಕೆಯ ರಚನೆ ತೀರಾ ಸರಳ. ಕಾರಿನ ಬಾಗಿಲು ತೆರೆದಾಗ ಚೌಕಟ್ಟಿನಲ್ಲಿ, ಬಾಗಿಲು ಕಚ್ಚಿಕೊಳ್ಳುವ ಜಾಗದಲ್ಲಿ, ಇಂಗ್ಲಿಷಿನ ‘ಯು’ ಆಕಾರದ ಉಕ್ಕಿನ ಕೊಂಡಿ ಕಾಣುತ್ತದೆ. ಹಿಡಿಕೆಯ ಚಪ್ಪಟೆ ನಾಲಿಗೆಯನ್ನು ಅದರೊಳಗೆ ಪೂರ್ತಿ ತೂರಿಸಬೇಕು. ಅಂಗೈ ಊರಿ ನೇರ ಕೆಳಗೆ ಒತ್ತಿದರೆ ಮೈಭಾರವನ್ನು ಅದು ತಾಳುತ್ತದೆ. ಹೊರಕ್ಕೆ ಎಳೆದರೆ ನಾಲಿಗೆ ಜಾರಿ ಬರುತ್ತದೆ. ‘ಹಿಡಿಕೆ ಸರಿಯಿಲ್ಲ’ ಎನ್ನುವ ದೂರುಗಳಲ್ಲಿ ಹಲವಕ್ಕೆ ಇದೇ ಕಾರಣ.

ಇಳಿಯುವ ಕ್ರಮ ಹೀಗಿರಲಿ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಎರಡೂ ಕಾಲುಗಳನ್ನು ಒಟ್ಟಿಗೆ ಹೊರಗಿಟ್ಟು, ಪಾದ ನೆಲಕ್ಕೆ ಊರಿದ ಮೇಲೆ ಸೀಟಿನ ಅಂಚಿಗೆ ಬನ್ನಿ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಸೀಟಿನ ಮೇಲೆ. ಮುಂದಕ್ಕೆ ಬಾಗಿ ಏಳಿ. ತೆರೆದ ಬಾಗಿಲನ್ನು ಮಾತ್ರ ಆಧಾರಕ್ಕೆ ಹಿಡಿಯಬೇಡಿ, ಭಾರ ಬಿದ್ದರೆ ಅದು ತಿರುಗಿಬಿಡುತ್ತದೆ. ಹತ್ತುವಾಗ ಮೊದಲು ಹಿಂಬದಿ ಊರಿ ಕುಳಿತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಬೇಕು.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಕೊಂಡಿಯ ಬದಲು ಒಂಟಿ ಗೂಟವಿರುತ್ತದೆ, ಅದಕ್ಕೆ ಹಿಡಿಕೆ ಕೂರುವುದೇ ಇಲ್ಲ. ಎತ್ತರದ ಗಾಡಿಗಳಲ್ಲಿ ಕೊಂಡಿಯೂ ಮೇಲಿರುವುದರಿಂದ ಅಂಗೈ ಊರಿ ಒತ್ತಲು ಬರುವುದಿಲ್ಲ; ಅಲ್ಲಿ ಕಿಟಕಿಯ ಮೇಲಿನ ಹಿಡಿಯೇ ವಾಸಿ. ಬಾಗಿಲು ಹಾಕುವ ಮುಂಚೆ ಹಿಡಿಕೆಯನ್ನು ತೆಗೆಯಲು ಮರೆತರೆ ಬಾಗಿಲಿಗೂ ಕೊಂಡಿಗೂ ಪೆಟ್ಟು. ಇದರ ಜೊತೆ ಬರುವ ಗಾಜು ಒಡೆಯುವ ಮೊನೆಯನ್ನು ನಂಬಿ ಕೊಳ್ಳಬೇಡಿ. 2019ರಲ್ಲಿ ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ ಇಂಥ ಆರು ಸಾಧನಗಳನ್ನು ಪರೀಕ್ಷಿಸಿದಾಗ ನಾಲ್ಕು ಟೆಂಪರ್ಡ್ ಗಾಜನ್ನು (ಒಡೆದರೆ ಚೂರುಚೂರಾಗುವ ಬಗೆ) ಒಡೆದವು, ಲ್ಯಾಮಿನೇಟೆಡ್ ಗಾಜನ್ನು (ನಡುವೆ ಪ್ಲಾಸ್ಟಿಕ್ ಪದರವಿರುವ ಬಗೆ) ಒಂದೂ ಒಡೆಯಲಿಲ್ಲ. ನಿಮ್ಮ ಕಿಟಕಿಯ ಗಾಜು ಯಾವ ಬಗೆಯದು ಎಂಬುದನ್ನು ಸಾಮಾನ್ಯವಾಗಿ ಅದರ ಮೂಲೆಯಲ್ಲೇ ಅಚ್ಚು ಹಾಕಿರುತ್ತಾರೆ.

ತಿರುಗುವ ಕುಶನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ತಪ್ಪು ಸೀಟಿನಲ್ಲಿ ಬಳಸುವುದೇ ಹೆಚ್ಚು. ಒಂದರ ಮೇಲೊಂದು ತಿರುಗುವ ಎರಡು ತಟ್ಟೆ, ಮೇಲೆ ಫೋಮ್. ಕುಳಿತು ಸೊಂಟ ತಿರುಚದೆ ಇಡೀ ಮೈಯನ್ನು ಒಳಕ್ಕೆ ತಿರುಗಿಸಿಕೊಳ್ಳಬಹುದು. ಮಂಡಿ, ಸೊಂಟದ ನೋವಿರುವವರಿಗೆ ನಿಜವಾದ ಆರಾಮ. ಆದರೆ ಚಾಲಕನ ಸೀಟಿಗೆ ಬೇಡವೇ ಬೇಡ. ಬ್ರೇಕ್ ಅನ್ನು ಜೋರಾಗಿ ಒತ್ತಿದಾಗ ಕಾಲಿನ ಬಲಕ್ಕೆ ಪ್ರತಿಯಾಗಿ ಸೊಂಟ ಸೀಟಿಗೆ ಆನಬೇಕು. ಕೂತ ತಟ್ಟೆ ತಿರುಗಿದರೆ ಆ ಆಧಾರ ತಪ್ಪುತ್ತದೆ. ಮೆತ್ತನೆಯ ಫೋಮ್ ಅಪಘಾತದಲ್ಲಿ ಕುಗ್ಗಿ, ಮೈ ಸೀಟ್ ಬೆಲ್ಟ್‌ನ ಅಡಿಗೆ ಜಾರುವ ಅಪಾಯವೂ ಇದೆ. ಪಕ್ಕದ ಸೀಟಿನಲ್ಲಿ ಬಳಸಿದರೂ ಹೊರಡುವ ಮುಂಚೆ ತೆಗೆದಿಡುವುದೇ ಕ್ಷೇಮ. ಬೆಲ್ಟ್‌ನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಗಳ ಮೇಲೆ ಬಿಗಿಯಾಗಿ ಕೂತಿರಬೇಕು. ಅಂಚು ಉಬ್ಬಿದ ಸೀಟುಗಳಲ್ಲಿ ತಟ್ಟೆ ಬಾಗಿ, ತಿರುಗದೆ ಸಿಕ್ಕಿಕೊಳ್ಳುತ್ತದೆ. ನಡುವಿನ ತಗ್ಗಿಗೆ ಮಡಿಸಿದ ಟವೆಲ್ ಹಾಕಿ ಸಮ ಮಾಡಿದರೆ ಸರಿಹೋಗುತ್ತದೆ.

ಚಾಲಕನಿಗೆ ಇದೇ ಕೆಲಸವನ್ನು ನುಣುಪಾದ ಪ್ಲಾಸ್ಟಿಕ್ ಚೀಲವೊಂದು ಮಾಡಿಕೊಡುತ್ತದೆ. ಸೀಟಿನ ಮೇಲೆ ಹಾಸಿ, ಕುಳಿತು, ಜಾರಿಕೊಂಡು ತಿರುಗಿ, ಹೊರಡುವ ಮೊದಲು ಎಳೆದು ತೆಗೆಯಿರಿ. ಖರ್ಚೇ ಇಲ್ಲ.

ವಯಸ್ಸಾದಂತೆ ಮೈ ಕುಗ್ಗಿ ಸೀಟು ತಗ್ಗಾಗಿ ಕಾಣುವುದು ಬೇರೆ ಸಮಸ್ಯೆ. ಕಣ್ಣಿನ ನೋಟ ಸ್ಟಿಯರಿಂಗ್ ಚಕ್ರದ ಮೇಲಂಚಿಗಿಂತ ಕನಿಷ್ಠ 7.5 ಸೆಂ.ಮೀ. ಮೇಲಿರಬೇಕು, ಎದೆಮೂಳೆಗೂ ಸ್ಟಿಯರಿಂಗ್ ನಡುವಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಬೇಕು. ಅದಕ್ಕಿಂತ ಹತ್ತಿರ ಕುಳಿತರೆ ಏರ್‌ಬ್ಯಾಗ್ ತೆರೆದುಕೊಳ್ಳುವ ರಭಸವೇ ಗಾಯ ಮಾಡೀತು. ಮೊದಲು ಸೀಟಿನ ಎತ್ತರದ ಲಿವರ್ ಬಳಸಿ. ಅದರಿಂದಾಗದಿದ್ದರೆ ಹಿಂಬದಿ ದಪ್ಪಗಿರುವ ಗಟ್ಟಿ ಇಳಿಜಾರು ಕುಶನ್ ತನ್ನಿ. ಕುಳಿತ ಮೇಲೆ ಕಾಲು ಚಾಚದೆ ಬ್ರೇಕನ್ನು ಪೂರ್ತಿ ಒತ್ತಲು ಬರಬೇಕು. ಬರದಿದ್ದರೆ ಪೆಡಲ್ ತುಂಡನ್ನು ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಬಿಗಿಯುವ ಸಾಹಸ ಖಂಡಿತ ಬೇಡ. ಅದು ಸಡಿಲಗೊಂಡು ಬ್ರೇಕ್ ಅಡಿಗೆ ಸಿಕ್ಕಿದರೆ ಜೀವಕ್ಕೇ ಕುತ್ತು. ವಾಹನ ಮಾರ್ಪಾಡಿನಲ್ಲಿ ತರಬೇತಿ ಪಡೆದವರೇ ಅಳತೆ ತೆಗೆದು ಕೂರಿಸಬೇಕು.

ಕುತ್ತಿಗೆ ತಿರುಗದವರಿಗೆ ಅಗಲ ಕನ್ನಡಿ ಉಪಯುಕ್ತ, ಆದರೆ ಇರುವ ಕನ್ನಡಿಗಳನ್ನು ಸರಿಪಡಿಸಿದ ಮೇಲೆ. ತಲೆಯನ್ನು ಚಾಲಕನ ಕಿಟಕಿಗೆ ತಾಗುವಷ್ಟು ವಾಲಿಸಿ, ಆ ಬದಿಯ ಕನ್ನಡಿಯಲ್ಲಿ ನಿಮ್ಮ ಕಾರಿನ ಅಂಚು ತುಸುವೇ ಕಾಣುವಂತೆ ಹೊರಕ್ಕೆ ತಿರುಗಿಸಿ. ಕಾರಿನ ನಡುಭಾಗಕ್ಕೆ ವಾಲಿ ಇನ್ನೊಂದು ಬದಿಯದನ್ನೂ ಹಾಗೆಯೇ ಮಾಡಿ. ಬ್ಲೈಂಡ್ ಸ್ಪಾಟ್, ಅಂದರೆ ಕನ್ನಡಿಗೆ ಸಿಗದ ಬದಿಯ ಜಾಗ, ಸಾಕಷ್ಟು ಕಿರಿದಾಗುತ್ತದೆ. ಆಮೇಲೂ ಬೇಕೆನಿಸಿದರೆ ಒಳಗನ್ನಡಿಗೆ ಸಿಕ್ಕಿಸುವ ಅಗಲ ಕನ್ನಡಿ ತನ್ನಿ. ಅದು ಉಬ್ಬುಗನ್ನಡಿಯಾಗಿದ್ದರೆ ಹಿಂದಿನ ಗಾಡಿ ಇರುವುದಕ್ಕಿಂತ ದೂರವಾಗಿ ಕಾಣುತ್ತದೆ. ಗಾಡಿ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು, ಎಷ್ಟು ಹತ್ತಿರವಿದೆ ಎಂದು ಅಳೆಯಲು ಚಪ್ಪಟೆ ಕನ್ನಡಿಯನ್ನು ನೋಡಿ. ರಾತ್ರಿ ಹೊತ್ತು ಮೂಲ ಕನ್ನಡಿಯ ಮಂದಗೊಳಿಸುವ ಕೀಲಿಯನ್ನು ಸಿಕ್ಕಿಸಿದ ಅಗಲ ಕನ್ನಡಿ ನಿರುಪಯೋಗಿ ಮಾಡುತ್ತದೆ, ಹಿಂದಿನ ಹೆಡ್‌ಲೈಟ್ ನೇರ ಕಣ್ಣಿಗೆ ಹೊಡೆಯುತ್ತದೆ. ಭಾರದ ಮಾದರಿಗಳು ಒಳಗನ್ನಡಿಯನ್ನೇ ಜಗ್ಗಿಬಿಡುತ್ತವೆ.

ಹಳದಿ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಅರವತ್ತರ ಹರೆಯದಲ್ಲಿ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಬಣ್ಣದ ಗಾಜು ಅದರಲ್ಲೂ ಕಡಿತ ಮಾಡುತ್ತದೆ. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಪತ್ರಿಕೆಯಲ್ಲಿ ಬಂದ ಸಿಮ್ಯುಲೇಟರ್ ಅಧ್ಯಯನದಲ್ಲಿ, ರಾತ್ರಿ ಪಾದಚಾರಿಗಳನ್ನು ಗುರುತಿಸಲು ಹಳದಿ ಕನ್ನಡಕದಿಂದ ಯಾವ ಅನುಕೂಲವೂ ಕಂಡುಬರಲಿಲ್ಲ. ಅದೇ ದುಡ್ಡಿನಲ್ಲಿ ಕಣ್ಣು ಪರೀಕ್ಷೆ ಮಾಡಿಸಿ, ಪೊರೆ ಬಂದಿದೆಯೇ ನೋಡಿಸಿ. ಮುಂದಿನ ಗಾಜಿನ ಒಳಮೈಯಲ್ಲಿ ಕೂತ ಜಿಡ್ಡಿನ ಪೊರೆಯನ್ನೂ ಒರೆಸಿ, ಎದುರು ಬೆಳಕನ್ನು ಚೆದುರಿಸುವುದು ಅದು.

ಗೊತ್ತಿರುವ ದಾರಿ ತಪ್ಪುವುದು, ಬ್ರೇಕಿಗೆ ಬದಲು ಆಕ್ಸಿಲರೇಟರ್ ತುಳಿಯುವುದು, ಕಾರಿನ ಮೇಲೆ ಕಾರಣ ಗೊತ್ತಿಲ್ಲದ ಹೊಸ ಗೀರುಗಳು: ಇವುಗಳಿಗೆ ಯಾವ ಸಾಧನವೂ ಮದ್ದಲ್ಲ. ವೈದ್ಯರ ಬಳಿ ಹೋಗಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ನಿದ್ದೆ ತರಿಸುವಂಥವು ಇವೆಯೇ ಎಂದು ಮೊದಲು ಕೇಳಿ. ಆಮೇಲೆ ಚಾಲನೆಯಲ್ಲಿ ಪರಿಣತಿ ಪಡೆದ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಹತ್ತಿರ ಮೌಲ್ಯಮಾಪನ ಮಾಡಿಸಿ. ಒಳ್ಳೆಯ ಸೇವೆಯಲ್ಲಿ ನೋಟ, ಕುತ್ತಿಗೆ, ಪ್ರತಿಕ್ರಿಯೆ, ನೆನಪು ಇವುಗಳ ಪರೀಕ್ಷೆಯಾದ ಮೇಲೆ ನಿಜವಾದ ರಸ್ತೆಯಲ್ಲೂ ಓಡಿಸಿ ನೋಡುತ್ತಾರೆ, ಲಿಖಿತ ವರದಿ ಕೊಡುತ್ತಾರೆ. ಹಗಲು ಮಾತ್ರ, ಪರಿಚಿತ ದಾರಿ ಮಾತ್ರ ಎಂಬಂಥ ಮಧ್ಯದ ದಾರಿಯೂ ಅದರಲ್ಲಿ ಸಿಗಬಹುದು. ಬರೀ ಕಂಪ್ಯೂಟರ್ ಪರದೆಯ ಅಂಕ ಕೊಟ್ಟು ಕಳಿಸುವ ಕಡೆ ಹೋಗಬೇಡಿ.

ಟ್ಯಾಕ್ಸಿ, ಬಸ್ಸಿನ ಅಭ್ಯಾಸವನ್ನು ಚಾಲನೆ ನಿಲ್ಲಿಸುವ ಮುಂಚೆಯೇ ಶುರು ಮಾಡುವುದು ಒಳಿತು. ಒಂದು ವರ್ಷದ ವಿಮೆ, ಇಂಧನ, ರಿಪೇರಿ, ಕಾರಿನ ಬೆಲೆ ಇಳಿಯುವಿಕೆ ಎಲ್ಲ ಕೂಡಿಸಿ 52ರಿಂದ ಭಾಗಿಸಿದರೆ ವಾರಕ್ಕೆ ಟ್ಯಾಕ್ಸಿಗೆ ಎಷ್ಟು ಉಳಿಯುತ್ತದೆ ಎಂದು ಗೊತ್ತಾಗುತ್ತದೆ. ಬುಕ್ ಮಾಡುವಾಗ ತೀರಾ ತಗ್ಗಿನ, ತೀರಾ ಎತ್ತರದ ಗಾಡಿ ಬಿಟ್ಟು, ಸೀಟು ಸೊಂಟದ ಮಟ್ಟಕ್ಕೆ ಬರುವಂಥದ್ದನ್ನು ಆರಿಸಿ, ಹಿಡಿಕೆಯನ್ನು ಕೈಚೀಲದಲ್ಲಿ ಒಯ್ಯಿರಿ. ನಡೆಯಲು ಕಷ್ಟವಾದವರು ಕುಳಿತು ಓಡಾಡುವ ವಿದ್ಯುತ್ ಸ್ಕೂಟರ್‌ಗಾಡಿ (ಮೊಬಿಲಿಟಿ ಸ್ಕೂಟರ್) ಕೊಳ್ಳುವುದಾದರೆ ನಾಲ್ಕು ಚಕ್ರದ್ದನ್ನೇ ನೋಡಿ; ಮೂರು ಚಕ್ರದ್ದು ಕಡಿಮೆ ಜಾಗದಲ್ಲಿ ತಿರುಗುತ್ತದೆ, ಆದರೆ ವೇಗದಲ್ಲಿ ತಿರುಗಿಸಿದರೆ ಬೇಗ ಮಗುಚುತ್ತದೆ.