ಗಿಟಾರಿನ ಒಡಲಿಗೆ ಮಕಿಟಾ 3709 ಟ್ರಿಮ್ಮರ್ ಸಾಕೇ?

ಮಕಿಟಾ 3709 ಎಂಬುದು ಬಡಗಿಗಳು ಮೈಕಾದ ಅಂಚು ಸವರಲು ಬಳಸುವ, ಒಂದೇ ಕೈಯಲ್ಲಿ ಹಿಡಿಯಬಹುದಾದ ಯಂತ್ರ. 530 ವಾಟ್ ಮೋಟಾರು, ನಿಮಿಷಕ್ಕೆ 30,000 ಸುತ್ತು, ಸುಮಾರು ಒಂದೂವರೆ ಕಿಲೋ ತೂಕ. ಮೈಸೂರಿನ ಹೊಸ ಬಡಾವಣೆಗಳಲ್ಲಿ ವಾರ್ಡ್‌ರೋಬ್ ಕೆಲಸ ನಡೆಯುವ ಯಾವ ಮನೆಯ ಮುಂದೆ ಹಾದರೂ ಈ ಜಾತಿಯ ಯಂತ್ರದ ಕಿರುಚಾಟ ಕೇಳಿಸುತ್ತದೆ. ಇದರಿಂದ 45 ಮಿ.ಮೀ. ದಪ್ಪದ ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ಮನೆಯಲ್ಲೇ ಮಾಡಬಹುದೇ ಎಂದರೆ, ಮಾಡಬಹುದು. ಆದರೆ ಮರವನ್ನು ತೆಗೆದುಹಾಕುವ ಕೆಲಸವನ್ನು ಇದಕ್ಕೆ ಒಪ್ಪಿಸದೆ, ಅಚ್ಚಿನ (ಮರದ ಮೇಲೆ ಕೂರಿಸುವ ಮಾದರಿ ಹಲಗೆಯ) ಗೆರೆಗೆ ತಂದು ನಿಲ್ಲಿಸುವ ಕೆಲಸವನ್ನಷ್ಟೇ ಒಪ್ಪಿಸಬೇಕು.

ನಾನು ಬಳಸಿದ್ದು ಹಗುರವಾದ ಶಿವನಿ ಮರದ ಹಲಗೆ, ಆರಿಸಿದ್ದು ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ಆಕಾರ. 1954ರಲ್ಲಿ ಬಂದ, ಅದೇ ಕಂಪನಿಯ ಸ್ಟ್ರಾಟೊಕಾಸ್ಟರಿಗೆ ಇರುವಂತೆ ಹೊಟ್ಟೆಗೂ ಮೊಣಕೈಗೂ ಒರಗುವ ಇಳಿಜಾರುಗಳು ಇದಕ್ಕಿಲ್ಲ. ಎರಡೂ ಮೈ ಚಪ್ಪಟೆಯಾಗಿರುವುದರಿಂದ ಯಂತ್ರದ ತಳ ಅಲುಗದೆ ಕೂರುತ್ತದೆ. ಹೊರಗೆರೆಯಿಂದ ಎರಡು ಮೂರು ಮಿ.ಮೀ. ಬಿಟ್ಟು ಸಾಮಿಲ್ಲಿನ ಬ್ಯಾಂಡ್‌ಸಾದಲ್ಲಿ ಕೊಯ್ಯಿಸಿ, ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಮತ್ತು ವೈರಿಂಗ್ ಗುಳಿಗಳ ಬಹುಪಾಲು ಮರವನ್ನು ಡ್ರಿಲ್ಲಿನಿಂದ ತೂತು ಹೊಡೆದು ತೆಗೆದ ಮೇಲೆ ಟ್ರಿಮ್ಮರಿಗೆ ಉಳಿಯುವುದು ತೆಳು ಪದರ ಮಾತ್ರ. ಅಷ್ಟನ್ನು ಅದು ಮೂರು ಮಿ.ಮೀ. ಆಳದ ಸುತ್ತುಗಳಲ್ಲಿ ಸಲೀಸಾಗಿ ತೆಗೆಯುತ್ತದೆ. ಹೊರ ಅಂಚಿನಲ್ಲಿ ಎಡಸುತ್ತಾಗಿಯೂ (ಗಡಿಯಾರದ ಮುಳ್ಳಿಗೆ ಎದುರಾಗಿ) ಗುಳಿಯೊಳಗೆ ಬಲಸುತ್ತಾಗಿಯೂ ನಡೆಸಬೇಕು. ತಿರುಗುಮುರುಗಾದರೆ, ಯಂತ್ರಕ್ಕೆ ಸಿಕ್ಕಿಸಿದ ಕೊರೆಯುವ ಮೊನೆ, ಅಂದರೆ ಬಿಟ್ಟು, ಮರವನ್ನು ಕಚ್ಚಿಕೊಂಡು ಮುಂದಕ್ಕೆ ಓಡುತ್ತದೆ.

ಇನ್ನು ಬಿಟ್ಟಿನ ವಿಚಾರ, ಯಂತ್ರಕ್ಕಿಂತಲೂ ಮುಖ್ಯವಾದದ್ದು. ಬೇರಿಂಗ್ (ಅಚ್ಚಿನ ಅಂಚಿಗೆ ಒರಗಿ ಉರುಳುವ ಪುಟ್ಟ ಚಕ್ರ) ಮೇಲ್ಗಡೆ ಇರುವ ಬಿಟ್ಟಿನ ಅಲಗು 25 ಮಿ.ಮೀ. ಉದ್ದವಿದ್ದು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಚ್ಚು 12 ಮಿ.ಮೀ. ದಪ್ಪವಿದ್ದರೆ, ಬೇರಿಂಗ್ ಅಚ್ಚಿಗೆ ತಾಗುವಷ್ಟರಲ್ಲಿ ಅಲಗು ಮರದೊಳಗೆ 13 ಮಿ.ಮೀ. ಇಳಿದಿರುತ್ತದೆ. ಮೊದಲ ಸುತ್ತಿಗೆ ಅಷ್ಟು ಆಳ ಈ ಸಣ್ಣ ಮೋಟಾರಿಗೆ ಭಾರ. ಹಾಗಾಗಿ 12 ಮಿ.ಮೀ. ಅಲಗಿನ ಗಿಡ್ಡ ಬಿಟ್ಟೊಂದನ್ನು ತಪ್ಪದೆ ಕೊಳ್ಳಬೇಕು. ಗಿಟಾರಿನ ಕತ್ತು (ನೆಕ್) ಕೂರುವ ಗುಳಿ 16 ಮಿ.ಮೀ. ಆಳ; ಮೊದಲ ಸುತ್ತುಗಳನ್ನು ಅಚ್ಚಿನ ಆಸರೆಯಲ್ಲಿ ಮುಗಿಸಿ, ಆಮೇಲೆ ಅಚ್ಚು ತೆಗೆದರೆ ಆಗಲೇ ಕೊರೆದ ಮರದ ಗೋಡೆಯನ್ನೇ ಬೇರಿಂಗ್ ಹಿಡಿದು ಸಾಗುತ್ತದೆ. ಮೂಲೆಗಳು ದುಂಡಾಗಿಯೇ ಉಳಿಯುವುದರಿಂದ ಅವನ್ನು ಉಳಿಯಿಂದ ಬಿಡಿಸಬೇಕು. ಸ್ಕ್ರೂ ಹಾಕುವ ಮೊದಲೇ ಕತ್ತನ್ನು ಹಿಡಿದೆತ್ತಿದಾಗ ಒಡಲೂ ಜೊತೆಗೇ ಎದ್ದು ಬಂದರೆ ಗುಳಿ ಸರಿಯಾಗಿದೆ ಎಂದರ್ಥ. ನನ್ನದು ಹಾಗೇ ಬಂದಿತು. ಸುಮಾರು 56 ಮಿ.ಮೀ. ಅಗಲದ ಗುಳಿಯನ್ನು ಇಷ್ಟು ನಿಖರವಾಗಿ ಕೊರೆದುಕೊಟ್ಟಿತೆಂಬ ಒಂದೇ ಕಾರಣಕ್ಕೆ ಈ ಯಂತ್ರವನ್ನು ಮೆಚ್ಚಬಹುದು.

ಕೊಳ್ಳುವಾಗ ಕಾಲೆಟ್ (ಬಿಟ್ಟಿನ ಕಡ್ಡಿಯನ್ನು ಕಚ್ಚಿಹಿಡಿಯುವ ಭಾಗ) ಯಾವುದೆಂದು ಕೇಳಿಕೊಳ್ಳಿ. ಇದು 6 ಮಿ.ಮೀ. ಮತ್ತು ಕಾಲು ಇಂಚು ಎರಡರಲ್ಲೂ ಇದೆ. ಕಾಲು ಇಂಚೆಂದರೆ 6.35 ಮಿ.ಮೀ.; ಅದರಲ್ಲಿ 6 ಮಿ.ಮೀ. ಬಿಟ್ಟು ಸಿಕ್ಕಿಸಿದರೆ ಹಿಡಿತ ಸಾಲದೆ ಮೆಲ್ಲಗೆ ಕೆಳಗೆ ಜಾರುತ್ತದೆ, ಗುಳಿಯ ಆಳ ತಾನಾಗಿ ಹೆಚ್ಚುತ್ತದೆ. ಅಂಗಡಿಯವರು "ಎರಡೂ ಒಂದೇ ಸಾರ್, ನಡೀತದೆ" ಎನ್ನುತ್ತಾರೆ, ನಡೆಯುವುದಿಲ್ಲ. ಅಗ್ಗದ ಬಿಟ್ಟುಗಳ ಡಬ್ಬವೊಂದನ್ನೂ ತಂದಿದ್ದೆ. ಅದರ ಬೇರಿಂಗಿನ ಪುಟ್ಟ ಸ್ಕ್ರೂ ಕೆಲಸದ ನಡುವೆಯೇ ಸಡಿಲವಾಯಿತು, ಅಲಗು ಅಡ್ಡನಾರಿನ (ನಾರುಗಳು ಅಡ್ಡ ಕೊಯ್ದು ಕಾಣುವ ಮರದ ತುದಿಯ) ಮೇಲೆ ಕಪ್ಪು ಸುಟ್ಟ ಗುರುತು ಬಿಟ್ಟಿತು; ಉಪ್ಪುಕಾಗದದಿಂದ ಅದನ್ನು ತೆಗೆಯುವುದು ಕೊರೆದದ್ದಕ್ಕಿಂತ ದೊಡ್ಡ ಕೆಲಸ.

ಈ ಮಾದರಿಯಲ್ಲಿ ವೇಗ ತಗ್ಗಿಸುವ ಸೌಲಭ್ಯವಿಲ್ಲ. ದಪ್ಪ ಬಿಟ್ಟುಗಳನ್ನು 30,000 ಸುತ್ತಿನಲ್ಲಿ ಓಡಿಸುವುದು ಅಪಾಯವಾದ್ದರಿಂದ, ಅಂಚನ್ನು ದುಂಡಾಗಿಸುವ ದೊಡ್ಡ ಬಿಟ್ಟು ಬಳಸಬೇಕೆಂದಿರುವವರು ಇದೇ ಕಂಪನಿಯ, 10,000ದಿಂದ 30,000 ಸುತ್ತಿನವರೆಗೆ ವೇಗ ಹೊಂದಿಸಬಹುದಾದ ಆರ್‌ಟಿ0700ಸಿ ನೋಡುವುದು ಒಳಿತು. ಶಬ್ದವಂತೂ ವಿಪರೀತ. ಕುವೆಂಪುನಗರದಂತೆ ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಕಡೆ ಭಾನುವಾರ ಮಧ್ಯಾಹ್ನ ಇದನ್ನು ಚಾಲೂ ಮಾಡುವುದು ನೆರೆಹೊರೆಗೆ ಒಳ್ಳೆಯದಲ್ಲ. ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಮೂರನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿಕೊಳ್ಳಿ.